ಬೋರ್ಡಿಗೆ ರೊಕ್ಕ ಐತಿ, ಕಸಬರಿಗೆಗೆ?

ಗದಗದಿಂದ ಮುಂಡರಗಿ, ಲಕ್ಷ್ಮೇಶ್ವರ, ಶಿರಹಟ್ಟಿ ಕಡೆ ಹೋಗುವಾಗ ಬಸ್ ತಂಗುದಾಣಗಳ ಹಣೆ ಮೇಲೆ ನೋಡಿ. ಇಂಥವರ ಅನುದಾನ, ಇಂಥವರ ಸ್ಮರಣಾರ್ಥ.. ಕಟ್ಟಿಸಿದವರ ಹೆಸರು ಇರ್ತದೆ. ಗುಡಿಸೋರು ಯಾರು ಅಂತ ಬರೆದಿರೋದಿಲ್ಲ.

ಹೆದ್ದಾರಿ ಬದಿ ನೀರು, ನೆರಳು, ಶೌಚಾಲಯ ಮಾಡಿ ಖರ್ಚನ್ನ ಕಂಪನಿಗಳ ಜಾಹೀರಾತಿನಿಂದ ತೆಗೀಬಹುದು ಅನ್ನೋ ಮಾತು ಬಂದಾಗೆಲ್ಲ ನನಗೆ ಇದೇ ಅನುಮಾನ. ಕಟ್ಟೋದಕ್ಕೆ ಪ್ರಾಯೋಜಕರು ಸಿಗ್ತಾರೆ, ರಿಬ್ಬನ್ ಕತ್ತರಿಸಿ ಫೋಟೋ ತೆಗೆಸ್ಕೋಬಹುದಲ್ಲ! ಮೂರನೇ ವರ್ಷದ ಫಿನಾಯಿಲಿಗೆ? ನಮ್ಮವ್ವ ಬಸ್ ಹತ್ತೋ ದಿನ ಬೆಳಗ್ಗೆಯಿಂದ ನೀರೇ ಕುಡಿಯೋದಿಲ್ಲ. ಯಾಕೆ ಅಂತ ನಿಮ್ಮನೆ ಹೆಂಗಸರನ್ನ ಕೇಳಿ.

ನಮ್ಮ ಹಿಂದಿನವರಿಗೆ ಇದು ಗೊತ್ತಿತ್ತು. ಅತ್ತಿಮಬ್ಬೆ ಬಸದಿ ಕಟ್ಟಿಸಿದ, 1007ರ ಶಾಸನವಿರೋ ಲಕ್ಕುಂಡಿ ಗದಗದ ಪಕ್ಕದಲ್ಲೇ ಇದೆ. ಈ ಸೀಮೆಯ ಹಳೇ ದಾನಶಾಸನಗಳಲ್ಲಿ 'ಖಂಡಸ್ಫುಟಿತ ಜೀರ್ಣೋದ್ಧಾರ'ಕ್ಕೆ ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರ್ತದೆ. ಒಡೆದದ್ದು, ಬಿರುಕು ಬಿಟ್ಟದ್ದು ರಿಪೇರಿ ಮಾಡೋಕೆ ವರ್ಷವರ್ಷವೂ ಬರೋ ಆದಾಯ! ನಾವು ಸಾಫ್ಟ್‌ವೇರಿನವರು ಎಎಂಸಿ ಅಂತೀವಲ್ಲ, ಅದೇ :)

ಇನ್ನೊಂದು ತೊಡಕು. ಜಾಹೀರಾತು ಜನ ಹೆಚ್ಚಿರೋ ಕಡೆಗೇ ಹೋಗ್ತದೆ. ಹುಬ್ಬಳ್ಳಿ-ಗದಗ-ಹೊಸಪೇಟೆಯ ರಾಷ್ಟ್ರೀಯ ಹೆದ್ದಾರಿ 67ಕ್ಕೆ ಗಿರಾಕಿ ಸಿಕ್ಕಾರು, ಶಿರಹಟ್ಟಿ ದಾರಿಗೆ ಯಾರು ಬರ್ತಾರೆ? ಅದಕ್ಕೇ ಎರಡನ್ನೂ ಒಂದೇ ಗುತ್ತಿಗೆಗೆ ಸೇರಿಸಬೇಕು. ಹೆದ್ದಾರೀಲಿ ಬೋರ್ಡ್ ಬೇಕಾ, ಶಿರಹಟ್ಟಿ ದಾರಿಯ ಶೌಚಾಲಯವನ್ನೂ ತೊಳೀರಿ. ತೊಳೆಯದ ತಿಂಗಳು ಬೋರ್ಡಿಗೆ ಗೋಣಿತಟ್ಟು ಹೊದಿಸೋದು. ತೊಳೆದಿದ್ದಾರೋ ಇಲ್ಲವೋ ಅಂತ ಹೇಳಬೇಕಾದ್ದು ಮಾತ್ರ ಬಸ್ಸಿಂದ ಇಳಿದ ಹೆಂಗಸರು, ಜೀಪಲ್ಲಿ ಬಂದ ಸಾಹೇಬರಲ್ಲ.