ಸ್ಟಿಕ್ಕರಿನ ಮೇಲಿನ ಸ್ವರ

ಮೊಮ್ಮಗ ಡಿಜೆ ಆಗುತ್ತೇನೆ ಅಂದ ದಿನ ನಾನೊಂದು ಮಾತು ಆಡಿಬಿಟ್ಟೆ. "ಅದೂ ಒಂದು ಸಂಗೀತ ಏನು? ಯಾರೋ ಹಾಡಿದ್ದನ್ನ ತಿರುಗಿಸೋದು!" ನಲವತ್ತು ವರ್ಷ ಹಾರ್ಮೋನಿಯಂ ನುಡಿಸಿದವನ ಜಂಬ ಅದು. ಎರಡು ತಿಂಗಳು ಹುಡುಗ ನನ್ನ ಕೋಣೆಗೆ ಬರಲಿಲ್ಲ.

ಮೊನ್ನೆ ಬಂದು ಬಾಗಿಲಲ್ಲಿ ನಿಂತ. "ಅಜ್ಜಾ, ಸ್ವಲ್ಪ ಬಾ. ಏನೋ ತಪ್ಪಾಗ್ಯದ."

ಮೇಜಿನ ಮೇಲೆ ಎರಡು ಹಳೆಯ ರೆಕಾರ್ಡ್ ಪ್ಲೇಯರು. ಪಕ್ಕದ ಪೆಟ್ಟಿಗೆಯಲ್ಲಿ ಅರವತ್ತು ರೆಕಾರ್ಡು. ಪ್ರತಿ ಕವರಿನ ಮೇಲೂ ಸಣ್ಣ ಬಿಳಿ ಸ್ಟಿಕ್ಕರು, ಅದರಲ್ಲಿ ಒಂದು ಅಂಕಿ, ಒಂದು ಸ್ವರ. ಅಂಕಿ ಎಂದರೆ ನಿಮಿಷಕ್ಕೆ ಎಷ್ಟು ಪೆಟ್ಟು ಎಂಬ ಲೆಕ್ಕ. ಗಡಿಯಾರ ನೋಡುತ್ತ 15 ಸೆಕೆಂಡು ಎಣಿಸುತ್ತಾನೆ, 30 ಪೆಟ್ಟು ಬಂದರೆ ನಾಲ್ಕರಿಂದ ಗುಣಿಸಿ 120 ಎಂದು ಬರೆಯುತ್ತಾನೆ. ಈಗ ಕಂಪ್ಯೂಟರೇ ಇದನ್ನೆಲ್ಲ ಹೇಳುತ್ತದಂತೆ. ಇವನದು ಹಟ, ನನ್ನ ಮೊಮ್ಮಗನಲ್ಲವೇ!

ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಸೇರಿಸಬೇಕು, ಕುಣಿಯುವವರ ಕಾಲು ತಪ್ಪಬಾರದು. ಮುಂದಿನ ಹಾಡನ್ನು ಹೆಡ್‌ಫೋನಿನಲ್ಲಿ ತಾನೊಬ್ಬನೇ ಕೇಳುತ್ತ, ವೇಗದ ಗುಂಡಿ ಸರಿಸಿ ಲಯ ಕೂಡಿಸುತ್ತಾರೆ. ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೊ 1960ರ ದಶಕದ ಕೊನೆಗೇ ಹೀಗೆ ಮಾಡುತ್ತಿದ್ದನಂತೆ.

ಇವನ ಮೊದಲ ರೆಕಾರ್ಡು 126, ಎರಡನೆಯದು 119. ಎರಡರ ಮೇಲೂ ಬರೆದ ಸ್ವರ ಒಂದೇ, ನಮ್ಮ ಭಾಷೆಯಲ್ಲಿ ಬಿಳಿ ಒಂದು. ಎರಡನೆಯದರ ವೇಗ ಏರಿಸಿ ಕೂಡಿಸಿದ. ಲಯ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆದರೆ ಕಿವಿಗೆ ಮುಳ್ಳು.

"ಸ್ವರ ಒಂದೇ ಅದ, ಮತ್ಯಾಕ ಜಗಳಾಡ್ತಾವ?"

ನಾನು ಹಾರ್ಮೋನಿಯಂ ತರಿಸಿದೆ. ಎರಡನೆಯದು ಕಪ್ಪು ಒಂದಕ್ಕೆ ಏರಿ ಕೂತಿತ್ತು! ಆಗ ನೆನಪಾದದ್ದು ನಮ್ಮ ಮನೆಯ ಕೀಲಿ ಕೊಡುವ ಗ್ರಾಮೋಫೋನು. ಕೀಲಿ ಇಳಿದಂತೆ ಹಾಡುವವರ ದನಿಯೂ ದಪ್ಪಗಾಗಿ ಇಳಿಯುತ್ತಿತ್ತು, ನಾವು ಮಕ್ಕಳು ನಕ್ಕು ಉರುಳುತ್ತಿದ್ದೆವು. ರೆಕಾರ್ಡಿನಲ್ಲಿ ವೇಗಕ್ಕೂ ಶ್ರುತಿಗೂ ಗಂಟು ಬಿದ್ದಿದೆ. ನೂರಕ್ಕೆ ಆರರಷ್ಟು ವೇಗ ಹೆಚ್ಚಿಸಿದರೆ ಶ್ರುತಿ ಸುಮಾರು ಅರ್ಧ ಸ್ವರ ಏರುತ್ತದೆ. ಸ್ಟಿಕ್ಕರಿನಲ್ಲಿದ್ದದ್ದು ವೇಗ ಏರಿಸುವ ಮೊದಲಿನ ಸ್ವರ.

"ಬಿಳಿ ಏಳರದ್ದು ಹುಡುಕು, ಅದೇ ವೇಗದ್ದು," ಅಂದೆ. ಸಿಕ್ಕಿತು. ಏರಿಸಿದಾಗ ಬಿಳಿ ಒಂದಕ್ಕೆ ಬಂದು ಕೂತಿತು, ಹಾಲಿಗೆ ಸಕ್ಕರೆ ಬಿದ್ದ ಹಾಗೆ.

ಗೋಡೆಯ ಮೇಲೆ ಅವನು ಗಡಿಯಾರದಂಥ ಚಕ್ರ ಬರೆದು ಅಂಟಿಸಿದ್ದಾನೆ, ಹನ್ನೆರಡು ಮನೆಗಳದ್ದು. ಒಂದು ಮನೆಯ ಹಾಡಿನಿಂದ ಅಕ್ಕಪಕ್ಕದ ಮನೆಗೆ ಹೋದರೆ ಕಿವಿಗೆ ಹಿತ ಎಂಬುದು ಡಿಜೆಗಳ ಲೆಕ್ಕ. ಕನ್ನಡಕ ಹಾಕಿ ನೋಡಿದೆ. ಷಡ್ಜದ ಒಂದು ಪಕ್ಕ ಪಂಚಮ, ಇನ್ನೊಂದು ಪಕ್ಕ ಮಧ್ಯಮ! ನನ್ನ ಗುರುಗಳು ಮೊದಲ ವಾರ ಹೇಳಿಕೊಟ್ಟದ್ದೇ ಅಲ್ಲಿತ್ತು. ಅವನಿಗೆ ಏನು ಹೇಳಬೇಕೋ ತಿಳಿಯದೆ, "ತಪ್ಪಾತಪ್ಪಾ, ಅವತ್ತು ಹಂಗ ಅನ್ನಬಾರದಿತ್ತು," ಅಂದೆ. ಅವನು ಪೆನ್ಸಿಲ್ ಕೊಟ್ಟ.

ಈಗ ಸ್ಟಿಕ್ಕರಿನಲ್ಲಿ ಎರಡನೆಯ ಸಾಲು ನನ್ನದು, ವೇಗ ಏರಿಸಿದರೆ ಯಾವ ಸ್ವರ, ಇಳಿಸಿದರೆ ಯಾವುದು. ನಲವತ್ತೊಂದು ಆಗಿವೆ. ಇವತ್ತು ಕರೆಂಟಿಲ್ಲ, ಉಳಿದದ್ದು ನಾಳೆ.