ಪಿಯಾನೊ ಹೇಳಿದ ಕಥೆಗಳು

ಕೆಲವು ಸಂಗೀತಗಾರರ ಪರಿಚಯ ನಮಗೆ ಅವರ ಸಂಗೀತದಿಂದಲ್ಲದೆ ಯಾವುದೋ ಪುಸ್ತಕದ ಒಂದು ವಾಕ್ಯದಿಂದ ಆಗುವುದುಂಟು. ನಿಕೊಲಾಯ್ ಮೆಟ್ನರನ ಹೆಸರು ನನಗೆ ದೊರೆತದ್ದು ಹಾಗೆ. ಮೈಸೂರಿನ ಶ್ರೀ ಜಯಚಾಮರಾಜ ಒಡೆಯರ ವಿಷಯವಾಗಿ ಓದುತ್ತಿದ್ದಾಗ, ಅವರು ಈ ರಷ್ಯನ್ ಸಂಗೀತಗಾರನ ಕೃತಿಗಳನ್ನು ತಮ್ಮ ಖರ್ಚಿನಲ್ಲಿ ಧ್ವನಿಮುದ್ರಣ ಮಾಡಿಸಿದರೆಂಬ ಸಂಗತಿ ಕಣ್ಣಿಗೆ ಬಿತ್ತು. 'ಶ್ರೀವಿದ್ಯಾ' ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರಿಗೆ ಮಾಸ್ಕೋ ನಗರದ ಪಿಯಾನೊದಲ್ಲಿ ಕೇಳಿಸಿದ್ದಾದರೂ ಏನು? ಈ ಕುತೂಹಲವೇ ನನ್ನನ್ನು ಮೆಟ್ನರನ ಬಳಿಗೆ ಕರೆದೊಯ್ದಿತು.

ಮಿತ್ರರೊಬ್ಬರು ಮುದ್ರಿಕೆಗಳನ್ನು ಒದಗಿಸಿಕೊಟ್ಟರು. ಕೇಳಲು ಕುಳಿತೆ. ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿಗೆ ಪಿಯಾನೊ ಸುಲಭವಾಗಿ ಒಲಿಯುವ ವಾದ್ಯವಲ್ಲ. ಕೀಲಿಯನ್ನು ಒತ್ತಿದೊಡನೆ ಒಳಗಿನ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿಯುತ್ತದೆ, ಸ್ವರ ಹುಟ್ಟುತ್ತದೆ, ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ವೈಣಿಕನು ತಂತಿಯನ್ನು ಎಳೆದು ಸ್ವರವನ್ನು ಬಾಗಿಸಿದಂತೆ ಇಲ್ಲಿ ಬಾಗಿಸಲಾಗದು. ಗಮಕವಿಲ್ಲದ ಈ ವಾದ್ಯಕ್ಕೆ ಬೇರೊಂದು ಸಂಪತ್ತುಂಟು: ಹತ್ತು ಬೆರಳುಗಳು ಒಂದೇ ಕಾಲಕ್ಕೆ ಮೂರು ನಾಲ್ಕು ಧಾರೆಗಳನ್ನು ಹರಿಸಬಲ್ಲವು. ಮೆಟ್ನರನ ಪ್ರತಿಭೆಯೆಲ್ಲ ಇಲ್ಲಿದೆ. ಆತನಲ್ಲಿ ಮೇಲಿನ ರಾಗವನ್ನಷ್ಟೇ ಹಿಡಿದು ಹೊರಟವನಿಗೆ ಅರ್ಧ ಮಾತ್ರ ದಕ್ಕುತ್ತದೆ. ಉಳಿದರ್ಧ ನಡುವಿನ ದನಿಗಳಲ್ಲಿ ಅಡಗಿರುತ್ತದೆ. ಒಂದೇ ಆಲಿಕೆಯಲ್ಲಿ ತನ್ನನ್ನು ಒಪ್ಪಿಸಿಬಿಡುವ ಸಂಗೀತ ಇದಲ್ಲ. ನನಗಂತೂ ಐದಾರು ಬಾರಿ ಕೇಳಿದ ಮೇಲೆಯೇ ಎಳೆಗಳು ಒಂದೊಂದಾಗಿ ಬಿಡಿಸಿಕೊಂಡವು.

ಬಾಗಿಲು ಮೊದಲು ತೆರೆದದ್ದು ಅವನ 'ಸ್ಕಾಜ್ಕಿ'ಗಳ ಮೂಲಕ. ರಷ್ಯನ್ ಭಾಷೆಯಲ್ಲಿ 'ಸ್ಕಾಜ್ಕ' ಎಂದರೆ ಕಥೆ. ನಮ್ಮ ಅಡಗೂಲಜ್ಜಿಯ ಕಥೆಯಂಥದು. ಇಂಥ ಕಿರುರಚನೆಗಳನ್ನು ಆತ ಮೂವತ್ತಕ್ಕೂ ಹೆಚ್ಚು ಬರೆದಿದ್ದಾನೆ. ಕೃತಿಸಂಖ್ಯೆ 20ರಲ್ಲಿ ಎರಡು ಕಥೆಗಳಿವೆ. ಮೊದಲನೆಯದು ಪೀಠಿಕೆಯಿಲ್ಲದೆ, ತಡೆದಿಟ್ಟ ದುಃಖ ಒಮ್ಮೆಲೇ ಬಾಯಿಗೆ ಬಂದಂತೆ ಆರಂಭವಾಗುತ್ತದೆ. ಎರಡನೆಯದರಲ್ಲಿ ಕೆಳಸ್ಥಾಯಿಯಲ್ಲಿ ಒಂದು ಗಂಟೆ ಹೊಡೆದುಕೊಳ್ಳುತ್ತದೆ. ಭಾರವಾದ, ಬೆದರಿಸುವ ಗಂಟೆ ಅದು. ಮೇಲೆ ಏನೇ ನಡೆಯಲಿ, ಅದು ಮಾತ್ರ ತನ್ನ ಹಟವನ್ನು ಬಿಡುವುದಿಲ್ಲ. ಕಥೆಯಲ್ಲಿ ಯಾರಿಗೆ ಏನಾಯಿತೆಂಬುದನ್ನು ಮೆಟ್ನರ್ ಹೇಳುವುದಿಲ್ಲ. ಹೇಳುವವನ ದನಿಯನ್ನಷ್ಟೇ ಕೇಳಿಸುತ್ತಾನೆ. ಕತ್ತಲಲ್ಲಿ ಅಜ್ಜಿಯ ಮುಖ ಕಾಣದೆ, ಮಾತೂ ಪೂರ್ತಿ ತಿಳಿಯದೆ, ದನಿಯ ಏರಿಳಿತಕ್ಕೇ ಮೈ ಜುಮ್ಮೆಂದ ಅನುಭವ ನಿಮಗೂ ಇದ್ದೀತು. ಮುಂದೆ 51ನೆಯ ಕೃತಿಯ ಆರು ಕಥೆಗಳನ್ನು ಆತ ಸಿಂಡರೆಲ್ಲಾಳಿಗೂ ಪೆದ್ದ ಇವಾನನಿಗೂ ಅರ್ಪಿಸಿದ್ದಾನೆ. ದೊಡ್ಡವರ ಹೆಸರನ್ನು ಹುಡುಕದೆ ಒಲೆಯ ಬೂದಿಯಲ್ಲಿ ಕುಳಿತ ಹುಡುಗಿಯನ್ನೂ, ಲೋಕ ನಗುವ ಪೆದ್ದನನ್ನೂ ನೆನೆದ ಈ ಸಂಗೀತಗಾರನ ಮೇಲೆ ನನಗೆ ಅಕ್ಕರೆ ಮೂಡಿತು.

ಆತ ಬರೆದ ಪಿಯಾನೊ ಸೊನಾಟಗಳು 14. ಅವುಗಳಲ್ಲಿ ನನ್ನ ಮನಸ್ಸಿಗೆ ಹತ್ತಿರವಾದುದು 'ಸ್ಮರಣೆ' ಎಂಬ ಅರ್ಥದ ಹೆಸರುಳ್ಳದ್ದು. 'ಮರೆತ ರಾಗಗಳು' ಎಂಬ ಗುಚ್ಛದ ಮೊದಲ ರಚನೆ ಅದು. ರಷ್ಯದ ಕ್ರಾಂತಿಯ ಅನಂತರದ ಕಷ್ಟದ ದಿನಗಳಲ್ಲಿ ಹುಟ್ಟಿತು. ಎಮಿಲ್ ಗಿಲೆಲ್ಸ್ ನುಡಿಸಿದ ಮುದ್ರಿಕೆಯಲ್ಲಿ ಅದನ್ನು ಕೇಳಿದೆ. ಗೊತ್ತುಗುರಿಯಿಲ್ಲದೆ ನಡೆದಂತೆ ತೋರುವ ಸರಳ ಸ್ವರಮಾಲೆಯಿಂದ ಅದು ತೊಡಗುತ್ತದೆ. ಬಳಿಕ ಬಿರುಗಾಳಿ ಏಳುತ್ತದೆ, ಅಡಗುತ್ತದೆ. ನಡುವೆ ಒಮ್ಮೆ, ಕೊನೆಯಲ್ಲಿ ಮತ್ತೊಮ್ಮೆ ಆ ಮೊದಲಿನ ಮಾಲೆಯೇ ಮರಳುತ್ತದೆ. ಸ್ವರಗಳು ಅವೇ, ಕೇಳುವ ನಾವು ಮಾತ್ರ ಅಷ್ಟರಲ್ಲಿ ಎಷ್ಟೋ ದೂರ ಹೋಗಿರುತ್ತೇವೆ.

ಮೆಟ್ನರ್ ಹುಟ್ಟಿದ್ದು ಮಾಸ್ಕೋದಲ್ಲಿ, 1880ರ ಆರಂಭದಲ್ಲಿ. ಅಲ್ಲಿನ ಸಂಗೀತ ವಿದ್ಯಾಲಯದಲ್ಲಿ ಕಲಿತ. 1921ರಲ್ಲಿ ತಾಯ್ನಾಡನ್ನು ಬಿಟ್ಟು ಜರ್ಮನಿ, ಫ್ರಾನ್ಸ್‌ಗಳಲ್ಲಿದ್ದು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ. ಹಳೆಯ ಸ್ವರವ್ಯವಸ್ಥೆಯನ್ನು ಒಡೆದು ಹೊಸತನ್ನು ಕಟ್ಟುವ ಉತ್ಸಾಹದ ಕಾಲ ಅದು. ಮೆಟ್ನರನಿಗೆ ಅದು ಒಪ್ಪಿಗೆಯಾಗಲಿಲ್ಲ. 1935ರಲ್ಲಿ 'ಕಲಾದೇವಿ ಮತ್ತು ಫ್ಯಾಷನ್' ಎಂಬ ಅರ್ಥದ ಪುಸ್ತಕವನ್ನೇ ಬರೆದು ವಾದಿಸಿದ. ಆ ವಾದವೆಲ್ಲ ನನಗೆ ಒಪ್ಪಿಗೆಯೆಂದಲ್ಲ, ಒಡೆದವರಲ್ಲಿಯೂ ಮಹಾನುಭಾವರಿದ್ದರು. ಆದರೆ ಹೊಸಬರಿಗೆ ಹಳಬನಾಗಿ, ಇಂಪನ್ನಷ್ಟೇ ಬಯಸುವವರಿಗೆ ಕಠಿಣನಾಗಿ ಈತ ನಡುವೆ ಉಳಿದುಹೋದ. ಜಗದ್ವಿಖ್ಯಾತನಾದ ಗೆಳೆಯ ರಖ್ಮಾನಿನೊವ್ ಮಾತ್ರ ತನ್ನ ನಾಲ್ಕನೆಯ ಪಿಯಾನೊ ಕನ್ಚರ್ಟೊವನ್ನು ಇವನಿಗೆ ಅರ್ಪಿಸಿ ಗೌರವಿಸಿದ.

ಎರಡನೆಯ ಮಹಾಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಎಡ್ನಾ ಐಲ್ಸ್ ಎಂಬ ಪಿಯಾನೊವಾದಕಿಯ ಮನೆಯವರು ಮೆಟ್ನರ್ ದಂಪತಿಗಳಿಗೆ ವಾರಿಕ್‌ಷೈರಿನಲ್ಲಿ ಆಶ್ರಯವಿತ್ತರು. 1942ರಲ್ಲಿ ಹೃದಯಾಘಾತವಾಯಿತು. ಆದರೂ ಮೂರನೆಯ ಕನ್ಚರ್ಟೊವನ್ನು ಮುಗಿಸಿ, 1944ರಲ್ಲಿ ಲಂಡನ್ನಿನಲ್ಲಿ ತಾನೇ ನುಡಿಸಿದ. ಆದರೆ ಅವನ ಕೈಯ ನುಡಿತವನ್ನು ಮುಂದಿನವರಿಗೆ ಉಳಿಸುವವರು ಯಾರು?

ಆಗ ನೆರವಾದವರು ಜಯಚಾಮರಾಜ ಒಡೆಯರು. ಸ್ವತಃ ಪಿಯಾನೊ ಕಲಿತಿದ್ದ ಅವರಿಗೆ ಪಾಶ್ಚಾತ್ಯ ಸಂಗೀತದಲ್ಲಿ ಗಾಢವಾದ ಪರಿಶ್ರಮವಿತ್ತು. ಅವರ ಧನಸಹಾಯದಿಂದ ಲಂಡನ್ನಿನಲ್ಲಿ ಮೆಟ್ನರ್ ಸಂಘ ಸ್ಥಾಪಿತವಾಯಿತು. 1947ರಲ್ಲಿ ಮೂರೂ ಕನ್ಚರ್ಟೊಗಳ ಧ್ವನಿಮುದ್ರಣ ನಡೆಯಿತು. ಹಾಡುಗಳೂ ಕಥೆಗಳೂ ಸೇರಿಕೊಂಡವು. ಆಗ ಮಹಾರಾಜರಿಗೆ 28 ವರ್ಷ, ಮೆಟ್ನರನಿಗೆ 67. ಅಂದಿನ ಅರಗಿನ ತಟ್ಟೆಯ ಒಂದು ಮುಖದಲ್ಲಿ ಹಿಡಿಸುತ್ತಿದ್ದುದು ನಾಲ್ಕು ನಿಮಿಷಕ್ಕೆ ಸ್ವಲ್ಪ ಹೆಚ್ಚು. ಅರ್ಧ ಗಂಟೆಗೂ ಮೀರಿದ ಕೃತಿಯನ್ನು ಅಂಥ ತುಂಡುಗಳಲ್ಲಿ, ರೋಗಗ್ರಸ್ತ ಹೃದಯವನ್ನಿಟ್ಟುಕೊಂಡು ನುಡಿಸಬೇಕಿತ್ತು. ಮೆಟ್ನರ್ ಆ ಮೂರನೆಯ ಕನ್ಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. 1951ರ ನವೆಂಬರಿನಲ್ಲಿ ತೀರಿಕೊಂಡ. ಪತ್ನಿ ಅನ್ನಾ 1958ರಲ್ಲಿ ತಾಯ್ನಾಡಿಗೆ ಮರಳಿದಳು; 1959ರಿಂದ ಮಾಸ್ಕೋದಲ್ಲಿ ಅವನ ಸಮಗ್ರ ಕೃತಿಗಳು ಅಚ್ಚಾಗತೊಡಗಿದವು.

ಆ ಹಳೆಯ ಮುದ್ರಣವನ್ನು ಈಗ ಆಗಾಗ ಕೇಳುತ್ತೇನೆ. ಸೂಜಿಯ ಕರಕರ ಸದ್ದಿನ ಹಿಂದೆ ಆ ವೃದ್ಧನ ಬೆರಳುಗಳು ಆಶ್ಚರ್ಯಕರವಾದ ಬಲದಿಂದ ನಡೆಯುತ್ತವೆ. ಲೆರ್ಮಂತೊವನ ಜಲಕನ್ಯೆಯ ಕವಿತೆಯಿಂದ ಪ್ರೇರಿತವಾದ ಮೊದಲ ಭಾಗ ನನಗೆ ಬಹುಮಟ್ಟಿಗೆ ಪರಿಚಿತವಾಗಿದೆ. ನಡುವಿನದು ಚಿಕ್ಕದು; ಅದೂ ಒಲಿದಿದೆ. ಕೊನೆಯ ಭಾಗದ ನೇಯ್ಗೆ ಮಾತ್ರ ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ. ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಈ ವಾರ ಎಡಗೈಯ ದನಿಯನ್ನಷ್ಟೇ ಹಿಂಬಾಲಿಸುತ್ತ ಕೇಳುತ್ತಿದ್ದೇನೆ.