ಒಂದು ಹಲಗಿ, ಎರಡು ಲೆನ್ಸ್ (ಭಾಗ 4)

ಈ ಆಂಡ್ರೊಮಿಡಾ ಫೋಟೋ ಸಾವಳಗಿಯ ನಮ್ಮ ಹೊಲದಾಗ ತೆಗೆದದ್ದು. ಮೂಲೆ ಜೂಮ್ ಮಾಡಿ ನೋಡ್ರಿ, ಚುಕ್ಕಿ ದುಂಡಗ ಅದಾವ. ಹೋದ ವರ್ಷ ಹಂಗ ಇರಲಿಲ್ಲ.

ಕಬ್ಬಿನ ಬಿಲ್ಲಿನಾಗ ಎರಡನೇ ಕ್ಯಾಮೆರಾ, ಎರಡನೇ 135 ಮಿ.ಮೀ. ಲೆನ್ಸ್ ತಗೊಂಡೆ. ಅದೇ ರೊಕ್ಕಕ್ಕ ಒಂದು ದೊಡ್ಡ ಟೆಲಿಸ್ಕೋಪ್ ಬರ್ತಿತ್ತಲ್ಲ ಅಂತೀರಿ. ಮನಿಯಾಗೂ ಅದನ್ನೇ ಕೇಳಿದ್ರು. ಬರ್ತಿತ್ತು. ಆದರೆ ದೊಡ್ಡ ಟೆಲಿಸ್ಕೋಪಿನಲ್ಲಿ ಕಾಣುವ ಆಕಾಶ ಸಾಮಾನ್ಯವಾಗಿ ಸಣ್ಣದು, ಆಂಡ್ರೊಮಿಡಾ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ! ಎರಡು ಲೆನ್ಸ್ ಒಂದೇ ಕಡೆ ನೋಡಿದ್ರ ಆಕಾಶ ಅಷ್ಟೇ ಅಗಲ, ಬೆಳಕು ಎರಡು ಪಟ್ಟು. ನ್ಯೂ ಮೆಕ್ಸಿಕೊದ ಡ್ರಾಗನ್‌ಫ್ಲೈ ಟೆಲಿಸ್ಕೋಪ್ ಕಟ್ಟಿದ್ದೂ ಹಿಂಗ: ಅಂಗಡಿಯಲ್ಲಿ ಸಿಗುವ 400 ಮಿ.ಮೀ. ಕ್ಯಾನನ್ ಲೆನ್ಸ್, 48. ತಲಾ 14.3 ಸೆಂ.ಮೀ. ಬಾಯಿ, ಎಲ್ಲ ಕೂಡಿ ಸುಮಾರು 1 ಮೀಟರ್ ಟೆಲಿಸ್ಕೋಪಿನಷ್ಟು ಬೆಳಕು.

ನನ್ನ ತಪ್ಪು ಕೇಳ್ರಿ. ಎರಡೂ ಲೆನ್ಸ್ ಕೂದಲೆಳಿಯಷ್ಟೂ ಆಚೀಚೆ ಆಗಬಾರದು ಅಂತ ಮೂರು ತಿಂಗಳು ಹಲಗಿ ಕೆತ್ತಿದೆ, ವಾಷರ್ ತುರುಕಿದೆ. ಬೇಕಾಗಿರಲೇ ಇಲ್ಲ. ಸಾಫ್ಟ್‌ವೇರ್ ಚುಕ್ಕಿ ಗುರುತು ಹಿಡಿದು ತಾನೇ ಹೊಂದಿಸ್ತದ. ಡ್ರಾಗನ್‌ಫ್ಲೈನವರು ಬೇಕಂತಲೇ ಒಂಚೂರು ಸರಿಸಿ ಇಟ್ಟಾರ: ಒಂದು ಲೆನ್ಸಿನೊಳಗಿನ ಪ್ರತಿಫಲನ ಇನ್ನೊಂದರಲ್ಲಿ ಅದೇ ಜಾಗಕ್ಕ ಬೀಳಂಗಿಲ್ಲ, ಕಳೆದು ಹಾಕಬಹುದು.

ನೋಡಬೇಕಾಗಿದ್ದು ಬೇರೆ. 2 ನಿಮಿಷದ ಎಕ್ಸ್‌ಪೋಶರಿನೊಳಗ ಹಲಗಿ ಬಾಗಬಾರದು. ನಂದು ಬಾಗ್ತಿತ್ತು, ಎರಡನೇ ಕ್ಯಾಮೆರಾದಾಗ ಚುಕ್ಕಿ ಅಕ್ಕಿಕಾಳಿನಂಗ ಉದ್ದ. ದಪ್ಪ ಅಲ್ಯುಮಿನಿಯಂ ಪಟ್ಟಿ ಹಾಕಿದ ಮ್ಯಾಲ ನಿಂತಿತು.

ಇನ್ನು ಫೋಕಸ್. ರಾತ್ರಿ ತಂಪಾದಂಗ ಎರಡೂ ಲೆನ್ಸ್ ಬೇರೆ ಬೇರೆ ಜಾರ್ತಾವ. ಆ ಜಗಳ ಭಾಗ 5ರಾಗ, ಇನ್ನೂ ಮುಗಿದಿಲ್ಲ.

#ಸಾವಳಗಿ #ರಾತ್ರಿಆಕಾಶ